ಪಡಸಾಲೆಯ ಸಮುದ್ರ

ಗದಗಿನಿಂದ ಸಮುದ್ರ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಲ್ಲಿಯಲ್ಲಿ ಒಂಬತ್ತು ದಿನಕ್ಕೊಮ್ಮೆ ನೀರು ಬಂದರೆ ಅಂದು ಹಬ್ಬ ಎನ್ನುವ ಊರು ಅದು. ಅಂಥ ಊರಲ್ಲಿ ಇಂದುಮತಿ ಅಣ್ಣಿಗೇರಿ ಎಂಬ ಐವತ್ತೊಂದು ವರ್ಷದ ಹೆಂಗಸು, ತನ್ನ ಮನೆಯ ಪಡಸಾಲೆಯಲ್ಲಿ ಸಾವಿರದ ಎಂಟುನೂರು ಲೀಟರು ಸಮುದ್ರವನ್ನು ತಂದು ನಿಲ್ಲಿಸುತ್ತೇನೆಂದು ಹೊರಟರೆ ಓಣಿಯವರು ನಗದೆ ಇನ್ನೇನು ಮಾಡಿಯಾರು? ಗಾಜಿನ ತೊಟ್ಟಿ ಲಾರಿಯಲ್ಲಿ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ. ಚೌಕಟ್ಟು ಕಿತ್ತರು, ಎಂಟು ಜನ ಹೊತ್ತರು, ಮೊದಲೇ ಹಾಕಿಸಿದ್ದ ಕಾಂಕ್ರೀಟಿನ ಕಟ್ಟೆಯ ಮೇಲೆ ಇಳಿಸಿದರು.

"ತುಂಬಿದ ಮ್ಯಾಲೆ ಇದರ ತೂಕ ಎಷ್ಟಾಕ್ಕೈತಿ?" ಎಂದು ಗಂಡ ಪರಮೇಶಿ ಕೇಳಿದ. ಅವನು ಬಸ್ ಚಾಲಕ.

"ಕಲ್ಲು, ಮರಳು ಎಲ್ಲಾ ಹಿಡದು ಎರಡೂವರಿ ಟನ್ನು."

"ಅಂದ್ರ ಒಂದು ಬಸ್ಸಿನ ಮಂದಿ ಪಡಸಾಲಿಗೆ ಬಂದು ನಿಂತಂಗ. ಅವರು ಇಳಿಯೂದು ಯಾವ ಸ್ಟಾಪಿಗೆ?"

"ನೇತ್ರಾಣಿ ಸ್ಟಾಪಿಗೆ," ಎಂದಳು ಇಂದುಮತಿ. ಅದು ತಮಾಷೆಯ ಉತ್ತರವಾಗಿರಲಿಲ್ಲ.

ಆ ಹೊತ್ತಿಗೆ ಅರಬ್ಬಿ ಸಮುದ್ರ ಕಾಯತೊಡಗಿ ಬಹಳ ವರ್ಷಗಳಾಗಿದ್ದವು. ನೇತ್ರಾಣಿ ದ್ವೀಪದ ಸುತ್ತ ಇದ್ದ ಹವಳವೆಲ್ಲ ಮೂರೇ ಬೇಸಿಗೆಯಲ್ಲಿ ಬಿಳಿಚಿಕೊಂಡು ಸತ್ತಿತ್ತು. ಹವಳ ನೋಡಲು ಕಲ್ಲಿನಂತಿದ್ದರೂ ಅದು ಸಾವಿರಾರು ಪುಟ್ಟ ಬಾಯಿಗಳಿರುವ ಜೀವ. ಅದರ ಮೈಯೊಳಗೊಂದು ಪಾಚಿ ಇರುತ್ತದೆ. ಪಾಚಿ ಬಿಸಿಲು ತಿಂದು ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ನೀರು ಒಂದೆರಡು ಡಿಗ್ರಿ ಹೆಚ್ಚು ಕಾದು ಹಾಗೆಯೇ ಉಳಿದರೆ ಹವಳ ಪಾಚಿಯನ್ನು ಹೊರದಬ್ಬುತ್ತದೆ, ಆಮೇಲೆ ಹಸಿವಿನಿಂದ ತಾನೂ ಸಾಯುತ್ತದೆ. ಅಷ್ಟೇ ಕಥೆ.

ಸಾಯುವ ಮೊದಲು ಕಾರವಾರದ 'ಹವಳಕಾವಲು' ಕೇಂದ್ರದವರು ಒಂದಷ್ಟು ತುಂಡುಗಳನ್ನು ಕಿತ್ತು ತಂದಿದ್ದರು. ಎಲ್ಲವನ್ನೂ ಒಂದೇ ಕಡೆ ಇಟ್ಟಾಗ ರೋಗ ಹೊಕ್ಕು ಅರ್ಧ ಸತ್ತವು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿಟ್ಟ ತಪ್ಪು ಅರಿವಾಗಿ, ಉಳಿದದ್ದನ್ನು ನಾಡಿನುದ್ದಕ್ಕೂ ನಾನೂರು ಮನೆಗಳಿಗೆ ಹಂಚಿದರು. ಅವುಗಳಿಗೆ 'ಸಾಕುಮನೆ' ಎಂದು ಹೆಸರು. ಕರಾವಳಿಗಿಂತ ಒಣಹವೆಯ ಊರುಗಳೇ ಇದಕ್ಕೆ ಮೇಲೆಂದು ಆಮೇಲೆ ತಿಳಿಯಿತು. ಗದಗಿನ ಗಾಳಿಯಲ್ಲಿ ತೊಟ್ಟಿಯ ಮೇಲೆ ಎರಡು ಫ್ಯಾನು ತಿರುಗಿಸಿದರೆ ಸಾಕು, ಮಡಕೆಯ ನೀರು ತಣಿದ ಹಾಗೆ ಸಮುದ್ರ ತಣಿಯುತ್ತಿತ್ತು.

ಇಂದುಮತಿ ಹಾಲಿನ ಶೀತಲೀಕರಣ ಕೇಂದ್ರದಲ್ಲಿ ಪರೀಕ್ಷಕಿ. ಬೆಳಗಿನ ಹಾಲು, ಸಂಜೆಯ ಹಾಲು, ನಡುವೆ ಹಗಲೆಲ್ಲ ಮನೆ. ಆರು ವರ್ಷದ ಹಿಂದೆ ಇನ್ನೂರು ಲೀಟರಿನ ಸಣ್ಣ ತೊಟ್ಟಿಯಲ್ಲಿ ಅಂಗೈಯಷ್ಟಗಲದ ಒಂದು ಹವಳವನ್ನು ಸಾಕಲು ತಂದಳು. ಕೇಂದ್ರದ ಪಟ್ಟಿಯಲ್ಲಿ ಅದರ ಹೆಸರು ಹದಿನೇಳು. ತಾನು ಹಾಲು ಅಳೆಯುವ ಲ್ಯಾಕ್ಟೋಮೀಟರನ್ನೇ ಉಪ್ಪು ನೀರಿಗೂ ಬಿಟ್ಟು ನೋಡಿದಳು. ಒಳ್ಳೆಯ ಹಾಲು ಇಪ್ಪತ್ತೆಂಟು ತೋರಿಸಿದರೆ ಸಮುದ್ರ ಇಪ್ಪತ್ತೈದು ತೋರಿಸುತ್ತಿತ್ತು. "ಸಮುದ್ರ ಅಂದ್ರ ಏನಿಲ್ಲ, ಒಂದೀಟು ನೀರು ಬೆರಿಸಿದ ಹಾಲು," ಎಂದು ಕೆಲಸದ ಕಡೆ ಹೇಳಿ ನಗಿಸುತ್ತಿದ್ದಳು. ಬೇರೆ ಸಾಕುಮನೆಗಳಲ್ಲಿ ಒಂದೊಂದಾಗಿ ಹವಳ ಸತ್ತರೂ ಅವಳ ಹದಿನೇಳು ಬೆಳೆಯಿತು.

ಈಗ ಆ ಜಾತಿಯಲ್ಲಿ ನಾಲ್ಕೇ ಉಳಿದಿದ್ದವು, ನಾಲ್ಕು ಊರುಗಳಲ್ಲಿ. ಬೇರೆ ಬೇರೆ ಇಟ್ಟರೆ ಅವು ಬದುಕಿಯಾವು, ಆದರೆ ಸಂತಾನವಿಲ್ಲ. ಈ ಹವಳ ವರ್ಷಕ್ಕೊಮ್ಮೆ, ಬೇಸಿಗೆಯ ಒಂದು ಹುಣ್ಣಿಮೆ ಕಳೆದ ಮೂರನೆಯ ರಾತ್ರಿ, ಮೊಟ್ಟೆ ಬಿಡುತ್ತದೆ. ತನ್ನದೇ ಬೀಜದಿಂದ ಅದು ಫಲಿಸದು, ಇನ್ನೊಂದರದು ಕೂಡಬೇಕು. ಸೆಕೆ ಸಹಿಸಿ ಉಳಿದ ಈ ನಾಲ್ಕೂ ಕೂಡಿದರೆ ಹುಟ್ಟುವ ಸಾವಿರ ಮರಿಗಳಲ್ಲಿ ಹತ್ತಾದರೂ ಬಿಸಿ ಸಮುದ್ರಕ್ಕೆ ಹೆದರದವು ಹುಟ್ಟಬಹುದು. ಮತ್ತೆ ನೇತ್ರಾಣಿಗೆ ಹೋಗುವ ದಾರಿ ಅದೊಂದೇ. ನಾಲ್ಕನ್ನೂ ದೂರ ದೂರ ಇಡಬೇಕು, ಹತ್ತಿರ ಬಂದರೆ ಒಂದನ್ನೊಂದು ಕುಟುಕುತ್ತವೆ. ಅದಕ್ಕೇ ದೊಡ್ಡ ತೊಟ್ಟಿ. ಯಾರ ಮನೆಯಲ್ಲಿ ಎಂದು ಕೇಂದ್ರದವರು ಕೇಳಿದಾಗ ಇಂದುಮತಿ ಗಂಡನನ್ನೂ ಕೇಳದೆ ಕೈ ಎತ್ತಿದ್ದಳು. ಹಿಡಿದ ಕೆಲಸ ಬಿಡುವ ಜಾಯಮಾನ ಅವಳದಲ್ಲ.

ಉಪ್ಪು ನೀರು ಕಲಸಲು ಹಿತ್ತಲಲ್ಲಿ ಒಂದು ಹಾಲಿನ ಟ್ಯಾಂಕು ನಿಲ್ಲಿಸಿದಳು. ಶೀತಲೀಕರಣ ಕೇಂದ್ರ ಹಳತೆಂದು ತೆಗೆದುಹಾಕಿದ ಅಪ್ಪಟ ಸ್ಟೀಲಿನ ಟ್ಯಾಂಕು. ಅದರ ನಲ್ಲಿಯನ್ನು ಯಾರೋ ಬಿಚ್ಚಿಕೊಂಡಿದ್ದರು. ಇಂದುಮತಿ ಪೇಟೆಗೆ ಹೋಗಿ ಬೆಳ್ಳಗೆ ಮಿರಮಿರ ಮಿಂಚುವ ಭಾರದ ನಲ್ಲಿ ತಂದು ತಾನೇ ಕೂರಿಸಿದಳು. ರಾತ್ರಿಯೆಲ್ಲ ಪಂಪು ಅದೇ ನಲ್ಲಿಯ ಮೂಲಕ ನೀರನ್ನು ಸುತ್ತಿಸಿ ಉಪ್ಪು ಕರಗಿಸುತ್ತಿತ್ತು.

ಇನ್ನು ತೊಟ್ಟಿಯ ಹಗಲು ರಾತ್ರಿ. ದೀಪಗಳ ಕಾವು ಹಗಲಿನ ಸೆಕೆಗೆ ಸೇರದಿರಲೆಂದು ಅವಳು ಕಾಲವನ್ನೇ ತಿರುವಿಹಾಕಿದ್ದಳು. ತೊಟ್ಟಿಯಲ್ಲಿ ಸೂರ್ಯ ಮುಳುಗುವುದು ಬೆಳಿಗ್ಗೆ ಎಂಟೂವರೆಗೆ, ಹುಟ್ಟುವುದು ರಾತ್ರಿ. ಹಗಲೆಲ್ಲ ಪಡಸಾಲೆಗೆ ಕಪ್ಪು ಪರದೆ. ಅದರೊಳಗೆ ತಿಥಿಗೆ ತಕ್ಕಂತೆ ಬೆಳೆದು ಕರಗುವ ಒಂದು ಚಂದ್ರದೀಪ.

"ಅಲ್ಲವಾ, ಹಗಲ ಹನ್ನೊಂದು ಗಂಟೇಕ ನಮ್ಮ ಮನ್ಯಾಗ ಚಂದ್ರ," ಎಂದಳು ಅತ್ತೆ ಶಾವಂತ್ರೆವ್ವ. "ನಾ ಇನ್ನ ಹುಣ್ಣಿವಿ ಒಪ್ಪತ್ತು ಯಾವ ಚಂದ್ರನ್ನ ನೋಡಿ ಬಿಡ್ಲಿ? ಹೊರಗಿನವನೋ, ಒಳಗಿನವನೋ?"

ಶಾವಂತ್ರೆವ್ವನಿಗೆ ಎಂಬತ್ತಮೂರು ವರ್ಷ. ಸಮುದ್ರ ಕಂಡವಳಲ್ಲ. ಸೊಸೆಯ ಕಲ್ಲುಗಳ ಮೇಲೆ ಅವಳಿಗೆ ಮೊದಲಿನಿಂದಲೂ ಕುತೂಹಲ. ಅವು ಗಂಡೋ ಹೆಣ್ಣೋ ಎಂದು ಕೇಳಿದ್ದಳು. ಎರಡೂ ಹೌದೆಂದು ಇಂದುಮತಿ ಹೇಳಿದಾಗ, "ಹಂಗಾರ ನಮ್ಮ ಶಿವಾನs ಬಿಡು," ಎಂದು ಕೈ ಮುಗಿದಿದ್ದಳು.

ಹೊಸ ತೊಟ್ಟಿ ತುಂಬಿದ ದಿನ ಅವಳು ತಾಮ್ರದ ತಂಬಿಗೆ, ಕುಂಕುಮ, ಅಕ್ಕಿ, ಅರಿಷಿಣಕೊಂಬು, ಉತ್ತತ್ತಿ, ಒಂದು ತೂತಿನ ದುಡ್ಡು ಎಲ್ಲ ಹೊಂದಿಸಿಕೊಂಡು ಬಂದಳು.

"ಹೊಸಾ ನೀರು ಮನಿಗೆ ಬಂದಾವು. ಗಂಗವ್ವಗ ಉಡಿ ತುಂಬಬೇಕು."

"ಬ್ಯಾಡ್ರಿ ಅತ್ತಿ! ತಾಮ್ರ ಅಂದ್ರ ಇವಕ್ಕ ವಿಷ. ಒಂದು ದುಡ್ಡು ಬಿದ್ರ ನಾಕೂ ಸಾಯತಾವು."

"ಮನಶ್ಯಾರಿಗೆ ಆಗೂದು ಇವಕ್ಕ ಆಗಂಗಿಲ್ಲೇನು? ಡಾಕ್ಟರs ತಾಮ್ರದ ತಂಬಿಗೀ ನೀರು ಕುಡೀರಿ ಅಂತಾರ."

"ಇವು ಮನಶ್ಯಾರಲ್ಲರಿ."

ಅಂದೇ ಇಂದುಮತಿ ಮನೆಯ ತಾಮ್ರ, ಹಿತ್ತಾಳೆ, ಕಂಚು ಎಲ್ಲವನ್ನೂ ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದಳು. ದೇವರ ಮುಂದಿನ ದೀಪದ ಸಮೆ ಕೂಡ ಹೋಯಿತು. ಆದರೆ ಅತ್ತೆಯ ಬೆರಳಲ್ಲೊಂದು ತಾಮ್ರದ ಉಂಗುರವಿತ್ತು. ತೀರಿಕೊಂಡ ಮಾವ ಕೀಲುನೋವಿಗೆಂದು ಮಾಡಿಸಿಕೊಟ್ಟದ್ದು, ನಲವತ್ತು ವರ್ಷದಿಂದ ಬೆರಳು ಬಿಟ್ಟದ್ದಲ್ಲ. ಅದನ್ನು ತೆಗೆಯಿರಿ ಎನ್ನಲು ಮಾತ್ರ ಇಂದುಮತಿಗೆ ಬಾಯಿ ಬರಲಿಲ್ಲ. "ತೊಟ್ಟ್ಯಾಗ ಕೈ ಹಾಕಬ್ಯಾಡ್ರಿ," ಎಂದಷ್ಟೇ ಹೇಳಿದಳು. ಶಾವಂತ್ರೆವ್ವ ಉಡಿಯ ಸಾಮಾನು ಎತ್ತಿಕೊಂಡು ಒಳಗೆ ಹೋದಳು.

ತೊಟ್ಟಿಯ ನೀರು ಪಳಗಲು ಎರಡು ತಿಂಗಳು ಬಿಟ್ಟರು. ಆಮೇಲೆ ಮೂರು ಊರುಗಳಿಂದ ಮೂರು ಹವಳ ಬಂದು ಹದಿನೇಳರ ಜೊತೆ ಸೇರಿದವು. ಕೇಂದ್ರದವರು ಗಾಜಿಗೆ ಒಂದು ಪುಟ್ಟ ಕ್ಯಾಮೆರಾ ಅಂಟಿಸಿದರು. ಅದಕ್ಕೆ 'ಅರಳುಗಣ್ಣು' ಎಂದು ಹೆಸರು. ನೂರು ಬಾಯಿಗಳಲ್ಲಿ ಎಷ್ಟು ತೆರೆದಿವೆ ಎಂದು ಎಣಿಸಿ ಆ ಅಂಕಿಯನ್ನು ಕಾರವಾರಕ್ಕೂ ಇಂದುಮತಿಯ ಫೋನಿಗೂ ಕಳಿಸುವುದು ಅದರ ಕೆಲಸ. ಬಾಯಿ ತೆರೆದಿದ್ದರೆ ಹವಳ ಸುಖವಾಗಿದೆ ಎಂದರ್ಥ. ಮೊದಲ ವಾರ ಅಂಕಿ ಎಂಬತ್ತೆರಡಿತ್ತು. ಇಂದುಮತಿ ಅದನ್ನು ಕೆಲಸದ ಕಡೆ ಎಲ್ಲರಿಗೂ ತೋರಿಸಿದಳು, ಮಗಳ ಅಂಕಪಟ್ಟಿ ತೋರಿಸುವ ತಾಯಿಯ ಹಾಗೆ.

ಎರಡನೆಯ ವಾರ ಎಪ್ಪತ್ತಕ್ಕೆ ಬಂತು. ಆಮೇಲೆ ಅರವತ್ತೊಂದು.

ಶೀತಲೀಕರಣ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಎದುರಿಗೆ ಹನ್ನೆರಡು ಸಾವಿರ ಲೀಟರು ಹಾಲಿನ ಮಾಪಕಗಳ ಮುಳ್ಳುಗಳು ಆಡುತ್ತಿದ್ದರೆ ಇಂದುಮತಿಯ ಕಣ್ಣು ಫೋನಿನ ಮೇಲಿರುತ್ತಿತ್ತು. ಉಷ್ಣ ಸರಿ, ಉಪ್ಪು ಸರಿ, ಸುಣ್ಣದಂಶ ಸರಿ. ಹನಿ ಹಾಕಿ ನೋಡುವ ತಾಮ್ರದ ಪರೀಕ್ಷೆಯಲ್ಲೂ ಬಣ್ಣ ಬರಲಿಲ್ಲ. ಹಾಲು ಒಡೆಯುವ ಮೊದಲು ಮೂಸಿಯೇ ಹೇಳಬಲ್ಲವಳಿಗೆ ಮನೆಯ ಸಮುದ್ರ ಯಾಕೆ ಒಡೆಯುತ್ತಿದೆ ಎಂದು ತಿಳಿಯಲಿಲ್ಲ. ತಿಳಿಯದಾಗ ಅವಳು ಮಾಡುವುದು ಒಂದೇ, ಇನ್ನಷ್ಟು ದುಡಿಯುವುದು. ದಿನಕ್ಕೆ ಐವತ್ತು ಲೀಟರು ಹೊಸ ನೀರು ಬದಲಾಯಿಸುತ್ತಿದ್ದವಳು ನೂರು ಮಾಡಿದಳು, ಆಮೇಲೆ ಇನ್ನೂರು. ಅಂಕಿ ನಲವತ್ತಕ್ಕಿಳಿಯಿತು. ಹುಣ್ಣಿಮೆಗೆ ನಾಲ್ಕು ದಿನ ಇದ್ದಾಗ ಇಪ್ಪತ್ತಾರು.

ಕಾರವಾರದ ಕೇಂದ್ರದಿಂದ ಡಾಕ್ಟರ್ ನಾಗವೇಣಿ ತಾಂಡೇಲ್ ಫೋನಿನ ಪರದೆಯ ಮೇಲೆ ಬಂದರು. ಅವರ ಹಿಂದೆ ಗೋಡೆ ತುಂಬ ನಾನೂರು ಸಾಕುಮನೆಗಳ ಅಂಕಿಗಳು. ಅರ್ಧಕ್ಕರ್ಧ ಆರಿಹೋಗಿದ್ದವು.

"ಇಂದುಮತಿಯವರೇ, ನೀರಿನ ಮಾದರಿ ಕಳಿಸಿ. ನಮ್ಮ ಯಂತ್ರದಲ್ಲಿ ಸೂಕ್ಷ್ಮವಾಗಿ ನೋಡ್ತೇವೆ. ಆದ್ರೆ ಅದಕ್ಕೂ ನಾಲ್ಕೈದು ದಿನ ಹಿಡೀತದೆ. ಅಂಕಿ ಹೀಗೇ ಇದ್ರೆ ನಾಲ್ಕನ್ನೂ ತಗೊಂಡು ಹೋಗಿ ಹಿಮಕೋಶಕ್ಕೆ ಹಾಕ್ಬೇಕಾಗ್ತದೆ."

"ಹಿಮಕ್ಕ ಹಾಕಿದ್ದು ಒಂದರ ತಿರುಗಿ ಎದ್ದೈತೇನ್ರೀ ಮೇಡಂ?"

ತಾಂಡೇಲ್ ಮುಖ ಸಣ್ಣದಾಯಿತು. "ಇಲ್ಲ. ಇಲ್ಲಿವರೆಗೆ ಒಂದೂ ಇಲ್ಲ. ಸತ್ತುಹೋಗುವುದಕ್ಕಿಂತ ಬೇಕು ಅಂತ ಅಷ್ಟೇ."

"ಹುಣ್ಣಿವಿ ಆಗಿ ಮೂರನೇ ದಿನದ ತನಕ ಬಿಡ್ರಿ."

"ಅಂದು ನಾನೇ ಗಾಡಿ ತಗೊಂಡು ಬರ್ತೇನೆ. ನಿಮ್ಮಲ್ಲಿ ಮೊಟ್ಟೆ ಬಿಡುವ ಹೊತ್ತು ಹಗಲು ಹನ್ನೊಂದೂವರೆ ಅಲ್ವಾ? ಹನ್ನೆರಡರವರೆಗೆ ಕಾಯ್ತೇನೆ. ಆಮೇಲೆ ಮಾತ್ರ ನನ್ನನ್ನು ಏನೂ ಕೇಳ್ಬೇಡಿ."

ಕೈಯಲ್ಲಿದ್ದದ್ದು ಒಂದೇ ವಾರ. ಫೋನಿಟ್ಟು ಹಿತ್ತಲಿಗೆ ನಡೆದವಳ ಕಣ್ಣಿಗೆ ಬಾಗಿಲ ಬಳಿ ನಾಲ್ಕು ಅಕ್ಕಿಕಾಳು, ಒಂದು ಚಿಟಿಕೆ ಕುಂಕುಮ ಬಿತ್ತು. ಇಂದುಮತಿ ಅಲ್ಲಿಂದಲೇ ಅಡುಗೆಮನೆಗೆ ತಿರುಗಿದಳು.

ಶಾವಂತ್ರೆವ್ವ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು.

"ಅತ್ತಿ, ಪೂಜಿ ಮಾಡೀರೇನು?"

"ಮಾಡೀನಿ. ಆದರ..."

"ಆ ಉಂಗುರದ ಕೈ ತೊಟ್ಟ್ಯಾಗ ಅದ್ದೀರೇನು? ಖರೇ ಹೇಳ್ರಿ."

ಮುದುಕಿ ಕೈ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡಳು. "ನಿನ್ನ ಗಾಜಿನ ತೊಟ್ಟಿಗೆ ನಾ ಕೈ ಹಾಕಿಲ್ಲವಾ."

"ಮತ್ತ ಕೈ ಯಾಕ ಮುಚ್ಚತೀರಿ? ಆರು ವರ್ಷ ಕೂಸಿನಂಗ ಸಾಕೇನ್ರಿ ನಾನು. ನಿಮ್ಮ ಒಂದು ಹಟಕ್ಕ ನಾಕೂ ಸಾಯಾಕತ್ತಾವು!"

ಸಂಜೆಯ ಹಾಲಿನ ಹೊತ್ತಾಗಿತ್ತು. ಉತ್ತರಕ್ಕೂ ಕಾಯದೆ ಇಂದುಮತಿ ಹೊರಟುಹೋದಳು. ಅಷ್ಟು ಕಟುವಾಗಿ ಅವಳು ಅತ್ತೆಯೊಂದಿಗೆ ಮಾತಾಡಿದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ನಿಯಂತ್ರಣ ಕೋಣೆಯಲ್ಲಿ ಕೂತಾಗ ನಾಚಿಕೆಯಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. ಎರಡೂ ಒಟ್ಟಿಗೆ ಕುದಿಯುತ್ತಿದ್ದವು.

ಮರುದಿನ ಬೆಳಿಗ್ಗೆ ಕೆಲಸ ಮುಗಿಸಿ ಬಂದಾಗ ಶಾವಂತ್ರೆವ್ವ ಹಿತ್ತಲಲ್ಲಿ, ಹಾಲಿನ ಟ್ಯಾಂಕಿನ ಎದುರು ಮಣೆ ಹಾಕಿಕೊಂಡು ಕೂತಿದ್ದಳು. ಟ್ಯಾಂಕಿನ ಹೊಟ್ಟೆಗೆ ಐದು ಬೊಟ್ಟು ಕುಂಕುಮವಿತ್ತು.

"ಇಲ್ಲಿ ಬಾ. ನಿನ್ನೆ ನೀ ಕೇಳಲಿಲ್ಲ, ಇವತ್ತು ಕೇಳು. ಒಳಗ ಬ್ಯಾಡ ಅಂದಿ, ಬಿಟ್ಟೆ. ಗಂಗವ್ವ ಮನಿಯೊಳಗ ಬರೂದು ಈ ಟ್ಯಾಂಕಿಲಿಂದ, ಅದಕ ಮಂಗಳವಾರ, ಶುಕ್ರವಾರ ಇದರ ಹೊಟ್ಟೀಗೆ ಕುಂಕಮ ಹಚ್ಚತೀನಿ. ದುಡ್ಡು ಹಾಕಿಲ್ಲ, ತಂಬಿಗಿ ಮುಟ್ಟಿಲ್ಲ. ಆದರ ಹಚ್ಚುವಾಗ ಒಂದು ಕಂಡೇನಿ. ಈ ನಳದ ಬಾಯಾಗ ನೋಡು."

ಇಂದುಮತಿ ಬಗ್ಗಿದಳು. ಮಿರಮಿರ ಮಿಂಚುತ್ತಿದ್ದ ನಲ್ಲಿಯ ಬಾಯಂಚಿನಲ್ಲಿ ಬಿಳಿ ಲೇಪ ಸುಲಿದು ಹಳದಿ ಲೋಹ ಕಾಣುತ್ತಿತ್ತು. ಒಳಗೆ, ಬೆರಳು ಹೋಗುವಷ್ಟು ಆಳದವರೆಗೂ, ಹಸಿರು ಹಸಿರು.

"ಕಿಲುಬು," ಎಂದಳು ಶಾವಂತ್ರೆವ್ವ. "ಇದು ಹಿತ್ತಾಳೀವಾ. ಹಿತ್ತಾಳಿ ಪಾತ್ರ್ಯಾಗ ಕಲಾಯಿ ಇಲ್ಲದ ಉಪ್ಪು, ಹುಳಿ ಇಡಬಾರದು ಅಂತ ನಮ್ಮವ್ವ ನನಗ ಏಳು ವರ್ಷಕ್ಕs ಹೇಳಿದ್ಳು. ಕಲಾಯಿ ಒಳಗ ಮಾಡಬೇಕು. ಇದನ್ನ ಮಾಡಿದ ಪುಣ್ಯಾತ್ಮ ಹೊರಗ ಮಾಡ್ಯಾನ."

ಇಂದುಮತಿ ಹಾಗೆಯೇ ನೆಲಕ್ಕೆ ಕುಳಿತಳು. ಹಿತ್ತಾಳೆಯೆಂದರೆ ಅರ್ಧಕ್ಕಿಂತ ಹೆಚ್ಚು ತಾಮ್ರವೇ. ಮನೆಯ ಸಮೆ, ತಂಬಿಗೆ ಎಲ್ಲ ಅಟ್ಟಕ್ಕೆ ಏರಿಸಿದವಳು, ತಾನೇ ಆರಿಸಿ ತಂದ ನಲ್ಲಿಯ ಹೊಳಪು ನೋಡಿ ಸ್ಟೀಲೆಂದು ನಂಬಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ರಾತ್ರಿಯೆಲ್ಲ ಉಪ್ಪುನೀರು ಆ ನಲ್ಲಿಯನ್ನು ನೆಕ್ಕಿ ನೆಕ್ಕಿ ತಾಮ್ರ ಹೀರಿ ಬರುತ್ತಿತ್ತು. ಹನಿ ಪರೀಕ್ಷೆಗೆ ಸಿಗದಷ್ಟು ಸಣ್ಣ ಪ್ರಮಾಣ, ಹವಳಕ್ಕೆ ಸಾಕಾಗುವಷ್ಟು ದೊಡ್ಡದು. ಅವಳು ಆರೈಕೆಯೆಂದು ಹೆಚ್ಚು ಹೆಚ್ಚು ನೀರು ಬದಲಾಯಿಸಿದಷ್ಟೂ ಹೆಚ್ಚು ವಿಷ ಉಣಿಸಿದ್ದಳು.

"ನಂದs ತಪ್ಪು ಅತ್ತಿ. ನಿಮಗ ಅನ್ನಬಾರದ್ದು ಅಂದೆ."

"ಅಂದಿ. ಬಿಡು. ಅಳಾಕ ಹೊತ್ತು ಐತೇನು ನಿನಗ? ಹುಣ್ಣಿವಿಗೆ ಇನ್ನ ಮೂರು ದಿನ. ಏನ್ ಮಾಡಬೇಕು ಹೇಳು."

ಏನು ಮಾಡಬೇಕೆಂದು ಇಂದುಮತಿಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಹಳೆಯ ಸಣ್ಣ ತೊಟ್ಟಿ ಇನ್ನೂ ಮೂಲೆಯಲ್ಲಿ ನಡೆಯುತ್ತಿತ್ತು. ಅದರ ನೀರು ಬಕೆಟ್ಟಿನಲ್ಲಿ ಕಲಸಿದ್ದು, ನಲ್ಲಿ ಕಾಣದ್ದು. ನಾಲ್ಕನ್ನೂ ಅದಕ್ಕೆ ಸ್ಥಳಾಂತರಿಸಿದಳು. ಆದರೆ ಅಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಟ್ಟರೆ ಕುಟುಕಾಡಿ ಸಾಯುತ್ತವೆ. ಅಷ್ಟರಲ್ಲಿ ದೊಡ್ಡ ತೊಟ್ಟಿಯ ನೀರೆಲ್ಲ ಚೆಲ್ಲಿ, ಕಲ್ಲು ಮರಳು ತೊಳೆದು, ಹೊಸದಾಗಿ ತುಂಬಬೇಕು. ಅಳಿದುಳಿದ ತಾಮ್ರ ಹೀರಲು ತೆಂಗಿನ ಕರಟದ ಇದ್ದಿಲಿನ ಚೀಲ ತೂಗುಬಿಡಬೇಕು. ಉಪ್ಪಿನ ದಾಸ್ತಾನು ಇತ್ತು. ಶುದ್ಧ ನೀರು ದಿನಾ ಬದಲಾಯಿಸಿಯೇ ಮುಗಿದಿತ್ತು. ತೊಳೆಯುವುದೂ ಸೇರಿ ಎರಡು ಸಾವಿರ ಲೀಟರಿಗೂ ಮೇಲೆ ಬೇಕು, ಓಣಿಯ ನಲ್ಲಿಗೆ ನೀರು ಬರಲು ಇನ್ನೂ ಐದು ದಿನವಿತ್ತು.

"ಓಣ್ಯಾಗ ಎಲ್ಲಾರ ಮನ್ಯಾಗೂ ಕುಡಿಯೂ ನೀರಿನ ಕೊಡ ಅದಾವು," ಎಂದಳು ಶಾವಂತ್ರೆವ್ವ.

"ಕಲ್ಲಿಗೆ ನೀರು ಯಾರು ಕೊಡತಾರ್ರೀ? ಮೊದಲs ನಗತಾರ."

"ನೀ ಕೇಳಿದ್ರ ಕೊಡಂಗಿಲ್ಲ. ನೀ ಲೆಕ್ಕ ಹೇಳತಿ. ನಾ ಕೇಳತೀನಿ ತಡಿ."

ಮುದುಕಿ ಕೋಲು ಹಿಡಿದು ಹೊರಟಳು. ಪ್ರತಿ ಹೊಸ್ತಿಲಲ್ಲೂ ಒಂದೇ ಮಾತು: "ನಮ್ಮ ಮನ್ಯಾಗ ನಾಕು ಮಂದಿ ತುಂಬಿದ ಬಸರ್ಯಾರು ಅದಾರವಾ. ಇನ್ನ ಆರು ದಿನಕ್ಕ ಹಡೀತಾರು. ಎರಡು ಕೊಡ ನೀರು ಹಾಕ್ರಿ, ಪುಣ್ಯ ಬರತೈತಿ." ಬಸುರಿಗೆ ನೀರಿಲ್ಲ ಎನ್ನುವ ಬಾಯಿ ಆ ಓಣಿಯಲ್ಲಿ ಹುಟ್ಟಿರಲಿಲ್ಲ. ಮೊದಲು ನಗುತ್ತ ಬಂದರು, ಬಸುರಿಯರನ್ನು ನೋಡಲೆಂದು. ಸಣ್ಣ ತೊಟ್ಟಿಯಲ್ಲಿ ಕಂದುಬಣ್ಣದ ನಾಲ್ಕು ಕವಲುಗಲ್ಲು ಇಕ್ಕಟ್ಟಿನಲ್ಲಿ ನಿಂತಿದ್ದವು. ಇಂದುಮತಿ ಒಂದು ಭೂತಗನ್ನಡಿ ಕೊಟ್ಟಳು. ಅದರಲ್ಲಿ ಮುಚ್ಚಿದ ಬಾಯಿಗಳ ನಡುವೆ ಒಂದೆರಡು ಹೆದರಿ ಹೆದರಿ ತೆರೆಯುವುದು ಕಂಡಾಗ ಹೆಂಗಸರ ನಗು ನಿಂತಿತು. "ಪಾಪ, ಬಾಯಿ ಆರೇತಿ ಇವಕ್ಕ," ಎಂದಳೊಬ್ಬಳು. ಅವಳು ಹೋಗಿ ಇನ್ನೂ ಎರಡು ಕೊಡ ತಂದಳು.

ಶಾವಂತ್ರೆವ್ವ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಹಸಿರು, ಕೆಂಪು, ನೀಲಿ ಪ್ಲಾಸ್ಟಿಕ್ ಕೊಡಗಳು ಒಳಗೆ. ಯಾರಾದರೂ ಹಿತ್ತಾಳೆಯ ಕೊಡ ತಂದರೆ ಕೋಲು ಅಡ್ಡ. "ತಿರುಗಿ ಒಯ್ಯಿ! ನಿನ್ನ ಮದವೀ ಕೊಡ ಆದರೂ ನಡಿಯಂಗಿಲ್ಲ." ಪರಮೇಶಿ ರಜೆ ಹಾಕಿ ಕರಟದ ಇದ್ದಿಲು ಹುಡುಕಿಕೊಂಡು ತಂದ. ನಲ್ಲಿ ಕಿತ್ತು ಪ್ಲಾಸ್ಟಿಕ್ ನಲ್ಲಿ ಕೂರಿಸಿದ. ಇಂದುಮತಿ ಪ್ರತಿ ಕೊಡಕ್ಕೂ ಮೂಗು, ಕಣ್ಣು, ಲ್ಯಾಕ್ಟೋಮೀಟರು ಎಲ್ಲ ಇಟ್ಟು ನೋಡಿ ಸುರಿದಳು. ಎರಡನೆಯ ದಿನ ಮಧ್ಯಾಹ್ನಕ್ಕೆ ಪಡಸಾಲೆಯಲ್ಲಿ ಮತ್ತೆ ಸಮುದ್ರ ನಿಂತಿತು, ಇಪ್ಪತ್ತೈದು ತೋರಿಸಿತು. ನಾಲ್ಕೂ ತಮ್ಮ ತಮ್ಮ ಜಾಗಕ್ಕೆ ಹೋದವು.

ಹುಣ್ಣಿಮೆಯ ದಿನ ಅಂಕಿ ಮೂವತ್ತೊಂದು. ಮರುದಿನ ಮೂವತ್ತೆಂಟು. ಕಾರವಾರದಿಂದ ಮಾದರಿಯ ಫಲಿತಾಂಶವೂ ಬಂತು: ತಾಮ್ರ. "ಗೊತ್ತಾತ್ರೀ ಮೇಡಂ," ಎಂದು ಇಂದುಮತಿ ಉತ್ತರ ಬರೆದಳು. "ನಮ್ಮ ಅತ್ತಿ ನಿಮಗಿಂತ ಮೊದಲ ಹೇಳ್ಯಾರ."

ಮೂರನೆಯ ದಿನ ಹನ್ನೊಂದಕ್ಕೆ ತಾಂಡೇಲ್ ಗಾಡಿ ಬಂದು ನಿಂತಿತು. ಹಿಂದೆ ಹಿಮಪೆಟ್ಟಿಗೆಗಳು. ಡಾಕ್ಟರಮ್ಮ ಎತ್ತರದ ಹೆಂಗಸು. ಕಪ್ಪು ಪರದೆ ಸರಿಸಿ ಒಳಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. ಹೊರಗೆ ಗದಗಿನ ಬಿಸಿಲು ರಣಗುಟ್ಟುತ್ತಿತ್ತು. ಒಳಗೆ ಬೆಳದಿಂಗಳು.

"ನಲವತ್ತನಾಲ್ಕು," ಎಂದರು ತಾಂಡೇಲ್ ಅಂಕಿ ನೋಡಿ. "ಚೇತರಿಸಿಕೊಂಡಿದ್ದಾವೆ, ಒಪ್ಪುತ್ತೇನೆ. ಆದ್ರೆ ಇಷ್ಟು ನೊಂದ ಹವಳ ಅದೇ ವರ್ಷ ಮೊಟ್ಟೆ ಬಿಟ್ಟದ್ದು ನಾನು ನೋಡಿಲ್ಲ."

"ಬಿಡತಾವು," ಎಂದಳು ಇಂದುಮತಿ.

ಹನ್ನೊಂದೂವರೆಯಾಯಿತು. ಏನೂ ಇಲ್ಲ. ಹನ್ನೊಂದು ನಲವತ್ತು. ಶಾವಂತ್ರೆವ್ವ ಹೊಸ್ತಿಲಾಚೆ ಕೂತು ಬಾಯಲ್ಲೇ ಏನೋ ಅನ್ನುತ್ತಿದ್ದಳು. ಅಂದು ಬೈಸಿಕೊಂಡ ಮೇಲೆ ಅವಳು ಪಡಸಾಲೆಯೊಳಗೆ ಕಾಲಿಟ್ಟಿರಲಿಲ್ಲ. ಇಂದುಮತಿ ಅದನ್ನು ಆಗಷ್ಟೇ ಗಮನಿಸಿದಳು.

ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಹದಿನೇಳರ ಒಂದು ಬಾಯಿ ಉಬ್ಬಿತು. ಅದರೊಳಗೆ ಸಾಸಿವೆಗಿಂತ ಸಣ್ಣದೊಂದು ನಸುಗೆಂಪು ಗುಂಡು ಬಂದು ಕೂತಿತು. ಪಕ್ಕದ್ದು, ಅದರ ಪಕ್ಕದ್ದು. ತಾಂಡೇಲ್ ಸ್ಟೂಲಿನಿಂದ ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ. ಮೊದಲ ಗುಂಡು ಕಳಚಿಕೊಂಡಿತು, ನಿಧಾನ ಮೇಲೇರಿತು. ಹಿಂದೆ ಹತ್ತು, ಹಿಂದೆ ನೂರು. ಆಚೆ ತುದಿಯ ಹವಳವೂ ಶುರುಮಾಡಿತು. ಆಮೇಲೆ ಮೂರನೆಯದು. ನಾಲ್ಕನೆಯದು ಕೊನೆಗೂ ಮನಸ್ಸು ಮಾಡಿತು. ನೀರಿನ ಮೇಲೆ ಹಾಲಿಗೆ ಕೆನೆ ಕಟ್ಟಿದಂತೆ ನಸುಗೆಂಪು ಕೆನೆ ಕಟ್ಟತೊಡಗಿತು.

"ಇಂದುಮತಿಯವರೇ, ಬೇಗ! ಬೇರೆ ಬೇರೆ ಕಡೆಯದ್ದನ್ನು ತೆಗೆದು ಕೂಡಿಸ್ಬೇಕು. ಕಾಲು ಗಂಟೆಯೊಳಗೆ. ನಾನೊಂದು ಬದಿ, ನೀವೊಂದು ಬದಿ. ನಡುವೆ ಇನ್ನೊಬ್ಬರು ಬೇಕು, ಮೆಲ್ಲಗೆ ಕೆನೆ ತೆಗೆಯುವ ಕೈ."

ಇಂದುಮತಿ ಹೊಸ್ತಿಲ ಕಡೆ ತಿರುಗಿದಳು. "ಅತ್ತಿ, ಬರ್ರಿ. ಕೆನಿ ತಗಿಯೂದು ನಿಮಗಿಂತ ಚಲೋ ಯಾರಿಗೂ ಬರಂಗಿಲ್ಲ."

ಶಾವಂತ್ರೆವ್ವ ಎದ್ದು ಬಂದಳು. ಸೆರಗು ಸಿಕ್ಕಿಸಿ, ಪ್ಲಾಸ್ಟಿಕ್ ಬಟ್ಟಲಿಗೆ ಕೈ ಚಾಚಿದಳು. ಚಂದ್ರದೀಪದ ಬೆಳಕು ಆ ಕೈ ಮೇಲೆ ಬಿತ್ತು. ಬೆರಳಲ್ಲಿ ಉಂಗುರವಿರಲಿಲ್ಲ. ನಲವತ್ತು ವರ್ಷ ಅದು ಇದ್ದ ಜಾಗದಲ್ಲಿ ಬೆಳ್ಳಗೆ ಒಂದು ಪಟ್ಟಿ, ಗಂಟಿನ ಮೇಲೆ ಚರ್ಮ ತರಚಿ ಒಣಗಿದ ಗುರುತು.

"ಉಂಗುರ ಎಲ್ಲಿ ಅತ್ತಿ?"

"ದೇವರ ಮಾಡದಾಗ ಐತಿ. ಇವು ಬಂದ ದಿನಾನs ಸಾಬೂನ ಹಚ್ಚಿ ಜಗ್ಗಿ ತಗದೆ. ಬೆರಳು ಬಾತಿತ್ತು, ಸುಲಭಕ ಬರಲಿಲ್ಲ."

"ಅವತ್ತು ನಾ ಅಷ್ಟು ಅಂದಾಗ ಕೈ ತೋರಿಸಿ ಹೇಳಬೇಕಿಲ್ಲೇನ್ರಿ?"

"ತಗೀರಿ ಅನ್ನಾಕ ನೀ ನಾಚಿದಿ. ತಗದೀನಿ ಅನ್ನಾಕ ನಾ ನಾಚಿದೆ. ಈಗ ಮಾತು ಬ್ಯಾಡ, ಕೆನಿ ಒಡೀತೈತಿ."

ಇಂದುಮತಿಗೆ ಕಣ್ಣು ತುಂಬಿ ಬಂದು ತೊಟ್ಟಿ ಮಸುಕಾಯಿತು. ದಿನವೂ ಎದುರಿಗೇ ಇದ್ದ ಆ ಕೈಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡು ಅವಳು ಅತ್ತೆಯ ಮೊಣಕೈ ಹಿಡಿದು ಕಟ್ಟೆಯ ಮೆಟ್ಟಿಲು ಹತ್ತಿಸಿದಳು.

"ಎಲ್ಲೀತನಕ ಅದ್ದಲಿ?" ಎಂದು ಮುದುಕಿ ಕೇಳಿದಳು.

"ನಿಮಗ ಎಷ್ಟು ಬೇಕೋ ಅಷ್ಟು ಅದ್ದರಿ ಅತ್ತಿ."

ಎಂಬತ್ತಮೂರು ವರ್ಷ ಸಮುದ್ರ ಕಾಣದ ಆ ಕೈ, ಬಟ್ಟಲು ಹಿಡಿದು, ಮೊಣಕೈವರೆಗೂ ಮೆಲ್ಲಗೆ ಸಮುದ್ರದೊಳಗೆ ಇಳಿಯಿತು.